ಆಯಿ ತಿನ್ನಬಹುದಾದ ಕುಕಿ



ಕ್ರಿಸ್ತ ಜಯಂತಿಗೆ ಏನು ತಿಂಡಿ ಮಾಡಬೇಕು ಎಂಬ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಒಂದು ಸಿದ್ಧ ಉತ್ತರ ಇರುತ್ತದೆ. ಮಂಗಳೂರು ಕಡೆಯಿಂದ ಬಂದವರ ಮನೆಯಲ್ಲಿ ಕುಸ್ವಾರ್: ನೆವ್ರಿ, ಕಿಡಿಯೊ, ಗುಳಿಯೊ. ನಮ್ಮ ಗಡಿಭಾಗದ ಮನೆಗಳಲ್ಲಿ ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ, ಜೊತೆಗೆ ಬೇಕರಿಯಿಂದ ತಂದ ಒಂದು ಕೇಕು. ಈಗ ಕೆಲವು ವರ್ಷಗಳಿಂದ ನಮ್ಮ ವಯಸ್ಸಿನವರು ಮೊಬೈಲಿನಲ್ಲಿ ವಿಡಿಯೊ ನೋಡಿ ಕುಕಿ ಮಾಡುವುದು ಶುರುವಾಗಿದೆ. ನಾನೂ ಮಾಡುತ್ತೇನೆ. ಚಾಕೊಲೇಟು, ಶುಂಠಿ, ನಡುವೆ ಒಂದು ಸಣ್ಣ ಕ್ಯಾರಮೆಲ್ ಗುಂಡು. ಮಾಡುವ ಕ್ರಮವನ್ನು ಮುಂದೆ ಬರೆಯುತ್ತೇನೆ. ಆದರೆ ಹಿಟ್ಟು ಅಳೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಇದನ್ನು ಯಾರು ತಿನ್ನುತ್ತಾರೆ?

ನಮ್ಮ ಮನೆ ಇಚಲಕರಂಜಿಯಲ್ಲಿ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಆಮೇಲೆ ಮಗ್ಗಗಳು ಬಂದವು, ಮಗ್ಗಗಳ ಹಿಂದೆ ಜನ ಬಂದರು. ಸಾಂಗಲಿ ಕಡೆಯವರು, ಚಿಕ್ಕೋಡಿ ಕಡೆಯವರು, ದೂರದ ಉತ್ತರ ಭಾರತದವರು. ಹಾಗಾಗಿ ನಮ್ಮ ಗಲ್ಲಿಯಲ್ಲಿ ಒಂದು ಜಾತಿ, ಒಂದು ಭಾಷೆ ಎಂಬುದಿಲ್ಲ. ಎದುರಿಗೆ ಮರಾಠಾ ಕುಟುಂಬ. ಎಡಕ್ಕೆ ಮಗ್ಗ ರಿಪೇರಿ ಮಾಡುವ ಮುಸ್ಲಿಂ ಜಾಬರ್ ಚಾಚಾ. ಬಲಕ್ಕೆ ಕೆಳಗೆ ಎಂಟು ಮಗ್ಗ, ಮೇಲೆ ಮನೆ ಇರುವ ಜೈನ ಕುಟುಂಬ. ಆ ಮನೆಯ ಹಿರಿಯರನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಅವರ ಮನೆಮಾತೂ ನಮ್ಮ ಹಾಗೆ ಕನ್ನಡವೇ. ಗಲ್ಲಿಯಲ್ಲಿ ಮರಾಠಿ, ಪೂಜೆಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ. ಸಂಜೆ ಗೋಡೆಯ ಆಚೆ ಈಚೆ ನಿಂತು ಅವ್ವ ಮತ್ತು ಆಯಿ ಆಡುವ ಮಾತು ಮಾತ್ರ ಕನ್ನಡ.

ದೀಪಾವಳಿಗೆ ನಮಗೆ ಮೂರು ಮನೆಗಳಿಂದ ಫರಾಳದ ತಟ್ಟೆ ಬರುತ್ತದೆ. ಜೈನರಿಗೆ ಅದು ಮಹಾವೀರರು ನಿರ್ವಾಣ ಹೊಂದಿದ ದಿನ. ಆಯಿಯ ತಟ್ಟೆಯಲ್ಲಿ ಚಕ್ಕಲಿ, ಚೂಡಾ ಜೊತೆ ನಿರ್ವಾಣದ ಲಾಡು ಇರುತ್ತದೆ. ತಟ್ಟೆಯನ್ನು ಖಾಲಿ ಮರಳಿಸಬಾರದು ಎಂಬ ರೂಢಿ ನಿಮ್ಮ ಮನೆಗಳಲ್ಲೂ ಇರಬಹುದು. ನಾವು ಡಿಸೆಂಬರಿನಲ್ಲಿ ತಟ್ಟೆ ತುಂಬಿ ಕಳಿಸುತ್ತಿದ್ದೆವು. ಎದುರು ಮನೆಗೆ ಮತ್ತು ಚಾಚಾನ ಮನೆಗೆ ಕೇಕು, ಕರ್ಚಿಕಾಯಿ. ಆಯಿಯ ಮನೆಗೆ ಮಾತ್ರ ಒಂದು ತೆಂಗಿನಕಾಯಿ, ಆರು ಬಾಳೆಹಣ್ಣು, ಕಾಲು ಕಿಲೊ ಸಕ್ಕರೆ. ಕೇಕಿನಲ್ಲಿ ತತ್ತಿ ಇರುತ್ತದೆ, ಅವರು ತಿನ್ನುವುದಿಲ್ಲ, ಅದಕ್ಕೆ ಹೀಗೆ. ಆಯಿ ಎರಡೂ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ಯಾರಿಗೂ ಬೇಸರ ಇರಲಿಲ್ಲ.

2023ರ ಆಗಮನ ಕಾಲದಲ್ಲಿ ನಾನು ಅವ್ವನಿಗೆ, “ಈ ಸರ್ತಿ ಎಲ್ಲಾರಿಗೂ ಒಂದ ತಾಟ. ಆಯಿಗೂ ನಡಿಯುವಂಥಾ ಕುಕಿ ಮಾಡ್ತೀನಿ,” ಎಂದೆ. ಅವ್ವ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಬ್ಯಾಡ ಬಿಡ. ಬಾಳಿಹಣ್ಣ ಛಲೋ ಅದಾವು,” ಎಂದಳು.

ಯಾಕೆ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು: “ತತ್ತಿ ಇರೂತನಕ ಒಂದ ನೆವ ಐತಿ. ತತ್ತಿ ತಗದಮ್ಯಾಲೂ ಆಕಿ ತಿನ್ನಲಿಲ್ಲಂದ್ರ?”

ಈ ಮಾತಿನ ಹಿಂದೆ ಏನಿದೆ ಎಂದು ಬಿಡಿಸಿ ಹೇಳಬೇಕು. ನನ್ನ ಅಪ್ಪನ ಅಜ್ಜ ಸಂಕೇಶ್ವರದ ಆಚೆಯ ಹಳ್ಳಿಯೊಂದರವರು. ಅವರ ಮನೆ ಊರೊಳಗೆ ಇರಲಿಲ್ಲ, ಊರ ಹೊರಗಿನ ಕೇರಿಯಲ್ಲಿತ್ತು. ಅಪ್ಪ ಮಗ್ಗದ ಕೆಲಸಕ್ಕೆ ಇಲ್ಲಿಗೆ ಬಂದಾಗ ಯಾರೂ ಕೇರಿ ಯಾವುದು ಎಂದು ಕೇಳಲಿಲ್ಲ. ಮೀಟರಿಗೆ ಇಷ್ಟು ಎಂದು ಕೂಲಿ ಕೊಟ್ಟರು, ಅಷ್ಟೇ. ಆದರೆ ಕೇಳದೆ ಇರುವುದು ಬೇರೆ, ಮನಸ್ಸಿನಲ್ಲಿ ಇಲ್ಲದಿರುವುದು ಬೇರೆ. ಅವ್ವನಿಗೆ ಒಂದು ನೆನಪಿದೆ. 2019ರ ಆಗಸ್ಟಿನಲ್ಲಿ ಪಂಚಗಂಗೆಗೆ ಮಹಾಪೂರ ಬಂದಾಗ ನಮ್ಮ ಮನೆಯೊಳಗೆ ನೀರು ನುಗ್ಗಿತ್ತು. ಆಯಿ ತಾವೇ ಕರೆದು ನಮ್ಮನ್ನು ನಾಲ್ಕು ದಿನ ಮಾಳಿಗೆಯ ಮೇಲೆ ಇಟ್ಟುಕೊಂಡರು. ಹೊತ್ತು ಹೊತ್ತಿಗೆ ಬಿಸಿ ಅನ್ನ, ಬೇಳೆ. ಆದರೆ ಊಟ ಬಡಿಸಿದ್ದು ಪತ್ರಾವಳಿಯಲ್ಲಿ. ನಲ್ಲಿಯಲ್ಲಿ ನೀರು ಇರಲಿಲ್ಲ, ಪಾತ್ರೆ ತೊಳೆಯುವುದು ಕಷ್ಟ, ಅವರೂ ಪತ್ರಾವಳಿಯಲ್ಲೇ ಉಂಡಿರಬಹುದು. ಅವರು ಉಣ್ಣುವಾಗ ನಾವು ನೋಡಲಿಲ್ಲ. ಆ ಪತ್ರಾವಳಿ ನೀರಿಲ್ಲದ್ದಕ್ಕೋ, ನಮಗಾಗಿಯೋ ಎಂಬ ಪ್ರಶ್ನೆಯನ್ನು ಅವ್ವ ಯಾರಿಗೂ ಕೇಳದೆ ನಾಲ್ಕು ವರ್ಷ ಒಳಗೇ ಇಟ್ಟುಕೊಂಡಿದ್ದಳು.

ನೆರೆಯವರ ತಟ್ಟೆಯಲ್ಲಿ ಎರಡು ಥರದ ನೇಮಗಳು ಇರಬಹುದು. ಒಂದು ಪದಾರ್ಥದ ನೇಮ: ತತ್ತಿ ಬೇಡ, ಮಾಂಸ ಬೇಡ, ಹೊತ್ತು ಮುಳುಗಿದ ಮೇಲೆ ಊಟ ಬೇಡ. ಇನ್ನೊಂದು ಕೈಯ ನೇಮ: ಇಂಥವರ ಕೈಯಿಂದ ಬೇಡ. ಮೊದಲನೆಯದು ಒಬ್ಬರ ಧರ್ಮ, ಅದನ್ನು ಗೌರವಿಸಬೇಕು. ಎರಡನೆಯದು ಅನ್ಯಾಯ. ತಟ್ಟೆಯಲ್ಲಿ ತತ್ತಿ ಇರುವವರೆಗೆ ಈ ಎರಡರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಗೊತ್ತಾಗದೇ ಇರುವುದರಲ್ಲೂ ಒಂದು ನೆಮ್ಮದಿ ಇದೆ. ಅವ್ವ ಕಳೆದುಕೊಳ್ಳಲು ಹೆದರಿದ್ದು ಆ ನೆಮ್ಮದಿಯನ್ನು, ಅದರ ಜೊತೆಗೆ ಗೋಡೆಯ ಆಚೆಯ ಕನ್ನಡದ ಮಾತನ್ನು.

ಕೊನೆಗೆ ಅವಳೇ ಒಪ್ಪಿದಳು. “ಮಾಡೂದಾದ್ರ ಸರಿಯಾಗಿ ಮಾಡು. ಅರ್ಧಾಮರ್ಧ ಬ್ಯಾಡ,” ಎಂದಳು. ಸರಿಯಾಗಿ ಮಾಡುವುದೆಂದರೆ ಏನು ಎಂದು ಕಲಿಯುತ್ತ ಹೋದಾಗ ಈ ಕುಕಿಯೇ ಬೇರೆಯಾಯಿತು.

ಮೊದಲು ಶುಂಠಿ. ನಮ್ಮ ಕಡೆ ಹಸಿಶುಂಠಿಗೆ ಅಲ್ಲ ಎನ್ನುತ್ತೇವೆ. ವಿಡಿಯೊದಲ್ಲಿ ಅಲ್ಲ ತುರಿದು ಹಾಕಿದ್ದರು. ಆದರೆ ನೇಮ ಹಿಡಿದ ಜೈನರು ನೆಲದೊಳಗೆ ಬೆಳೆಯುವ ಗಡ್ಡೆಗಳನ್ನು ತಿನ್ನುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಗಜ್ಜರಿಯ ಸಾಲಿಗೆ ಹಸಿ ಅಲ್ಲವೂ ಸೇರುತ್ತದೆ. ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಜೀವಗಳಿವೆ, ಕಿತ್ತರೆ ಅವೆಲ್ಲಕ್ಕೂ ಹಿಂಸೆ ಎಂಬುದು ಅವರ ನಂಬಿಕೆ. ಅದೇ ಗಡ್ಡೆ ಪೂರ್ತಿ ಒಣಗಿ ಒಣಶುಂಠಿಯಾದರೆ ಹಲವರಿಗೆ ನಡೆಯುತ್ತದೆ. ಆಯಿಯ ಅಡುಗೆಮನೆಯಲ್ಲಿ ಶುಂಠಿಪುಡಿಯ ಡಬ್ಬಿ ಇರುವುದನ್ನು ಅವ್ವ ಮಹಾಪೂರದ ದಿನಗಳಲ್ಲಿ ನೋಡಿದ್ದಳು. ಹಾಗಾಗಿ ಒಣಶುಂಠಿ. ಅದು ಅಲ್ಲದಷ್ಟು ಹಸಿರು ವಾಸನೆ ಕೊಡುವುದಿಲ್ಲ, ಖಾರ ಮಾತ್ರ ನಿಧಾನವಾಗಿ ಗಂಟಲಿಗೆ ಇಳಿಯುತ್ತದೆ. ಚಾಕೊಲೇಟಿಗೆ ಅದೇ ಹೊಂದುತ್ತದೆ.

ಆಮೇಲೆ ತತ್ತಿ. ಕುಕಿಯಲ್ಲಿ ತತ್ತಿಯ ಕೆಲಸ ಹಿಟ್ಟನ್ನು ಹಿಡಿದಿಡುವುದು, ಪಸೆ ಕೊಡುವುದು. ಆ ಕೆಲಸಕ್ಕೆ ನಮಗೆ ಸಿಕ್ಕಿದ್ದು ಕಾಕವಿ. ಜೇನು ಹಾಕಬಹುದಿತ್ತು, ಆದರೆ ಜೇನೂ ಜೈನರಿಗೆ ವರ್ಜ್ಯ. ಅವ್ವನ ತವರು ಗಡಹಿಂಗ್ಲಜ್ ತಾಲ್ಲೂಕು. ಮಾಮಾ ಪ್ರತಿ ವರ್ಷ ಗಾಣದಿಂದ ಒಂದು ಡಬ್ಬಿ ಕಾಕವಿ ತಂದುಕೊಡುತ್ತಾರೆ. ನೋಡದವರಿಗಾಗಿ ಹೇಳುತ್ತೇನೆ: ಕಬ್ಬಿನ ಹಾಲನ್ನು ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಸಿಪ್ಪೆಯ ಬೆಂಕಿಯಲ್ಲೇ ಕುದಿಸುತ್ತಾರೆ. ಬೆಂಡೆಯ ದಂಟಿನ ಲೋಳೆ ಬಿಟ್ಟು ಕೊಳೆಯನ್ನು ಮೇಲೆ ತಂದು ತೆಗೆಯುತ್ತಾರೆ. ಪಾಕ 105 ಡಿಗ್ರಿಯ ಆಸುಪಾಸು ಬಂದಾಗ ಇಳಿಸಿದರೆ ಕಾಕವಿ. ಅದು ಗಟ್ಟಿಯಾಗುವುದಿಲ್ಲ, ಎಳೆ ಎಳೆಯಾಗಿ ಸುರಿಯುತ್ತದೆ. ಇನ್ನೂ ಕಾಯಿಸಿ 118 ಡಿಗ್ರಿಯ ಹತ್ತಿರ ತಂದರೆ ಬೆಲ್ಲ. 2014ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರದ ಬೆಲ್ಲ ಇದೇ. ದೂರದ ದೇಶಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಶುಂಠಿ ಬಿಸ್ಕತ್ತಿಗೆ ಕಬ್ಬಿನ ಕಪ್ಪು ಪಾಕ ಹಾಕುತ್ತಾರೆ. ಅದಕ್ಕೆ ಹತ್ತಿರವಾದ ವಸ್ತು ನಮ್ಮ ಗಾಣಗಳಲ್ಲೇ ಇದೆ. ಡಬ್ಬಿ ತೆರೆದರೆ ಸಾಕು.

ಚಾಕೊಲೇಟಿಗೂ ದೂರ ಹೋಗಬೇಕಿಲ್ಲ. ಮಂಗಳೂರಿನಲ್ಲಿ 1973ರಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೊಕ್ಕೊ ಅಲ್ಲಿಗೆ ಹೋಗುತ್ತದೆ. ಯಾವ ಕಂಪನಿಯದಾದರೂ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಮಾಡುವ ಕ್ರಮ ಹೀಗೆ. ಮೊದಲ ದಿನ ಕ್ಯಾರಮೆಲ್ ಮಾಡಿಟ್ಟುಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಯನ್ನು ನೀರು ಹಾಕದೆ ಸಣ್ಣ ಉರಿಯಲ್ಲಿ ಕರಗಿಸಿ. ಸಕ್ಕರೆ 160 ಡಿಗ್ರಿ ದಾಟಿದ ಮೇಲೆ ಬಣ್ಣ ತಿರುಗುತ್ತದೆ. ಹೊನ್ನಿನ ಬಣ್ಣ ಬಂದ ಕೂಡಲೇ ಇಳಿಸಿ 30 ಗ್ರಾಂ ಬೆಣ್ಣೆ, ಆಮೇಲೆ 50 ಮಿಲಿಲೀಟರ್ ಬಿಸಿ ಕೆನೆ ಹಾಕಿ. ಜೋರಾಗಿ ಉಕ್ಕುತ್ತದೆ, ಮುಖ ದೂರ ಇರಲಿ, ಸಣ್ಣ ಮಕ್ಕಳನ್ನು ಹತ್ತಿರ ಬಿಡಬೇಡಿ. ಮತ್ತೆ ಒಲೆಯ ಮೇಲಿಟ್ಟು ಕೈಯಾಡಿಸಿ. ಎಷ್ಟು ಹೊತ್ತು ಎಂದರೆ, ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟರೆ ಅದು ಬೆರಳಿಗೆ ಗುಂಡಾಗಿ ಸಿಗಬೇಕು. ಗಾಣದಲ್ಲಿ ಬೆಲ್ಲ ಇಳಿಸುವವರೂ ಪಾಕವನ್ನು ಹೀಗೆಯೇ ನೀರಿಗೆ ಬಿಟ್ಟು ನೋಡುತ್ತಾರೆ. ಥರ್ಮಾಮೀಟರ್ ಇಲ್ಲ ಎಂದು ನಾನು ಪೇಚಾಡುತ್ತಿದ್ದಾಗ ಮಾಮಾ ಫೋನಿನಲ್ಲಿ ಹೇಳಿಕೊಟ್ಟ ಉಪಾಯ ಇದು. ತುಪ್ಪ ಸವರಿದ ತಟ್ಟೆಗೆ ಸುರಿದು ಆರಿಸಿ, 28 ತುಣುಕು ಮಾಡಿ.

ಎರಡನೇ ದಿನ 120 ಗ್ರಾಂ ಬೆಣ್ಣೆ, 100 ಗ್ರಾಂ ಬೆಲ್ಲದ ಪುಡಿ, ಎರಡು ದೊಡ್ಡ ಚಮಚ ಕಾಕವಿ ಸೇರಿಸಿ ಚೆನ್ನಾಗಿ ತಿಕ್ಕಿ. ಇದಕ್ಕೆ 200 ಗ್ರಾಂ ಮೈದಾ, 30 ಗ್ರಾಂ ಕೊಕ್ಕೊ ಪುಡಿ, ಅರ್ಧ ಸಣ್ಣ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಶುಂಠಿಪುಡಿ ಎಲ್ಲ ಜರಡಿ ಹಿಡಿದು ಹಾಕಿ. ಎರಡು ದೊಡ್ಡ ಚಮಚ ಹಾಲು, 80 ಗ್ರಾಂ ಹೆಚ್ಚಿದ ಚಾಕೊಲೇಟು ಹಾಕಿ ಕಲಸಿ. ಬೆಲ್ಲ, ಕಾಕವಿ, ಕೊಕ್ಕೊಗಳಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಸೋಡಾ ಅದರ ಜೊತೆ ಸೇರಿ ಗಾಳಿ ಹುಟ್ಟಿಸುತ್ತದೆ, ತತ್ತಿ ಇಲ್ಲದೆಯೂ ಕುಕಿ ಅರಳುತ್ತದೆ. ಹಿಟ್ಟನ್ನು ಅರ್ಧ ಗಂಟೆ ತಂಪಿಗೆ ಇಟ್ಟು 28 ಉಂಡೆ ಮಾಡಿ, ಪ್ರತಿಯೊಂದರ ನಡುವೆ ಕ್ಯಾರಮೆಲ್ ತುಣುಕು ಇಟ್ಟು ಪೂರ್ತಿ ಮುಚ್ಚಿ. ಸಣ್ಣ ಬಿರುಕು ಉಳಿದರೂ ಕ್ಯಾರಮೆಲ್ ಹೊರಗೆ ಹರಿದು ತಟ್ಟೆಗೆ ಅಂಟುತ್ತದೆ.

ಬೇಯಿಸುವುದು ಎಲ್ಲಿ? ದೀಪಾವಳಿಗೆ ನಮ್ಮ ಕಡೆ ಹಿಟ್ಟು, ತುಪ್ಪ, ಸಕ್ಕರೆ ಕೊಟ್ಟು ಬೇಕರಿಯ ಭಟ್ಟಿಯಲ್ಲಿ ನಾನ್‌ಖಟಾಯಿ ಮಾಡಿಸುವ ರೂಢಿ ಇದೆ. ಆದರೆ ಭಟ್ಟಿಯ ತಟ್ಟೆಗಳಲ್ಲಿ ತತ್ತಿಯ ಕೇಕೂ ಬೇಯುತ್ತದೆ. ಅವ್ವ ಬೇಡ ಎಂದಳು. ಪೇಟೆಗೆ ಹೋಗಿ ಎರಡು ಹೊಸ ಅಲ್ಯುಮಿನಿಯಂ ತಟ್ಟೆ ಮತ್ತು ಒಂದು ದೊಡ್ಡ ಮುಚ್ಚಳದ ಪಾತ್ರೆ ತಂದಳು. ಪಾತ್ರೆಯ ತಳಕ್ಕೆ ಎರಡು ಬೆರಳು ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು ಮುಚ್ಚಬೇಕು. ಒಂದು ಸಲಕ್ಕೆ ಆರು ಕುಕಿ, ಹದಿನೈದರಿಂದ ಇಪ್ಪತ್ತು ನಿಮಿಷ. ಓವನ್ ಇದ್ದವರಿಗೆ 170 ಡಿಗ್ರಿಯಲ್ಲಿ 12 ನಿಮಿಷ ಸಾಕು. ಹೊರಗೆ ತೆಗೆದಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಆಯಿಯ ಪಾಲನ್ನು ಮೊದಲು ಬೇಯಿಸಿ ಹೊಸ ಡಬ್ಬಿಗೆ ಹಾಕಿದೆವು.

ಉಳಿದದ್ದು ಬೇಯುತ್ತಿದ್ದಾಗ ಅವ್ವ ಗಂಗಾರಾಮ ಕಾಂಬಳೆಯ ಕತೆ ತೆಗೆದಳು. ಕೊಲ್ಹಾಪುರದಲ್ಲಿ ಎಲ್ಲರೂ ಬಲ್ಲ ಕತೆ. ಶಾಹೂ ಮಹಾರಾಜರ ಕುದುರೆಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ, ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ ಎಂದು ಹೊಡೆತ ತಿಂದಿದ್ದರು. ಮಹಾರಾಜರು ಅವರಿಗೆ ಹಣ ಕೊಟ್ಟು ಊರಿನಲ್ಲಿ ಚಹಾದ ಹೋಟೆಲ್ ಹಾಕಿಸಿದರು. ಹೋಟೆಲ್ ಶುಚಿಯಾಗಿತ್ತು, ಚಹಾ ಚೆನ್ನಾಗಿತ್ತು, ಆದರೆ ಗಂಗಾರಾಮರ ಜಾತಿ ಗೊತ್ತಿದ್ದವರು ಒಳಗೆ ಬರಲಿಲ್ಲ. ಆಗ ಮಹಾರಾಜರೇ ಅಲ್ಲಿ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿಯತೊಡಗಿದರು, ಜೊತೆಯಲ್ಲಿದ್ದವರಿಗೂ ಕುಡಿಸಿದರು. ರಾಜರು ಕುಡಿದ ಮೇಲೆ ಉಳಿದವರು ಏನು ಹೇಳಬಲ್ಲರು? 1902ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 50 ಮೀಸಲು ಇಟ್ಟ ರಾಜರು ಅವರು. ಕಾಗದದ ಮೇಲಿನ ಆಜ್ಞೆಯ ಜೊತೆಗೆ ಒಂದು ಕಪ್ಪು ಚಹಾ ಕುಡಿಯುವುದೂ ಬೇಕು ಎಂದು ಅವರಿಗೆ ಗೊತ್ತಿತ್ತು. ಕತೆ ಮುಗಿಸಿ ಅವ್ವ, “ಆಯಿ ರಾಜಾ ಅಲ್ಲ, ನಮ್ಮ ನೆರಿಯಾಕಿ,” ಎಂದಳು. ಅದು ಸಮಾಧಾನವೋ ಹೆದರಿಕೆಯೋ ನನಗೆ ತಿಳಿಯಲಿಲ್ಲ.

ಕ್ರಿಸ್ತ ಜಯಂತಿಯ ದಿನ, ಸೋಮವಾರ, ನಾಲ್ಕು ಗಂಟೆಗೆ ಹೋದೆವು. ಹೊತ್ತು ಮುಳುಗುವುದು ಆರರ ಸುಮಾರಿಗೆ, ಅದಕ್ಕೆ ಮೊದಲು ಕೊಡಬೇಕು ಎಂಬುದು ಅವ್ವನ ಲೆಕ್ಕ. ಆಯಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

“ತತ್ತಿ?”

“ಇಲ್ರಿ ಆಯಿ. ಹೊಸಾ ಭಾಂಡೆದಾಗ ಮಾಡೇವ್ರಿ. ನಮ್ಮ ಒಲಿಮ್ಯಾಗ ಬ್ಯಾರೆ ದಿನಾ ಮಾಂಸದ ಅಡಗಿನೂ ಆಗತೈತಿ, ಅದನ್ನೂ ಹೇಳೇ ಕೊಡ್ತೀನ್ರಿ,” ಎಂದಳು ಅವ್ವ.

“ಅಲ್ಲ ಹಾಕೀರಿ?”

“ಒಣಶುಂಠಿ ರೀ.”

“ಜೇನ?”

“ಕಾಕವಿ ರೀ, ನಮ್ಮ ತವರಿಂದು.”

ಆಯಿ ಮುಚ್ಚಳ ಹಾಕಿದರು. “ಇವತ್ತ ಚತುರ್ದಶಿ. ನಂದು ಉಪವಾಸ ಐತಿ,” ಎಂದರು. ಡಬ್ಬಿಯನ್ನು ಹೊರಗಿನ ಕೋಣೆಯಲ್ಲಿ ಇಡಲಿಲ್ಲ, ಒಳಗೆ ತೆಗೆದುಕೊಂಡು ಹೋದರು. ನಾವು ಸ್ವಲ್ಪ ಹೊತ್ತು ಕೂತು ಮನೆಗೆ ಬಂದೆವು.

ಮನೆಗೆ ಬಂದವಳೇ ಅವ್ವ, “ಚತುರ್ದಶಿ ಖರೇನ ಐತೇನ ನೋಡು,” ಎಂದಳು. ಗೋಡೆಯ ಮೇಲಿನ ಕಾಲನಿರ್ಣಯ ತಿರುವಿದೆ. ಡಿಸೆಂಬರ್ 25, ಚತುರ್ದಶಿ. ಅವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ರಾತ್ರಿ ಗೋದಲಿಯ ಮುಂದೆ ಜಪಸರ ಹೇಳುವಾಗ ಅವಳ ದನಿ ಎಂದಿಗಿಂತ ಮೆಲ್ಲಗಿತ್ತು. ಆ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಡಬ್ಬಿ ಖಾಲಿಯಾಗುವುದೇನೋ ಖಂಡಿತ. ಆದರೆ ಡಬ್ಬಿ ಖಾಲಿಯಾದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವಲ್ಲ.

ಮರುದಿನ ಹುಣ್ಣಿಮೆ, ದತ್ತ ಜಯಂತಿ. ಕೃಷ್ಣಾ ಪಂಚಗಂಗಾ ಸಂಗಮದ ನರಸೋಬವಾಡಿಗೆ ಹೊರಟವರ ಗಾಡಿಗಳಿಂದ ಬೆಳಗ್ಗೆಯೇ ಗಲ್ಲಿ ತುಂಬಿತ್ತು. ಹತ್ತು ಗಂಟೆಗೆ ಆಯಿ ಬಂದರು. ಕೈಯಲ್ಲಿ ನಮ್ಮ ಡಬ್ಬಿ, ಅದರ ತುಂಬ ಶೇಂಗಾ. ಬಾಗಿಲಲ್ಲೇ ನಿಂತು ಶುರು ಮಾಡಿದರು.

“ಶುಂಠಿ ಎಷ್ಟ ಹಾಕೀ ಮಗಳ? ನನ್ನ ಗಂಟಲಾ ಸುಟ್ಟತು. ಚಾಕೊಲೇಟಿನ ರುಚಿ ಬರೂದಕ್ಕಿಂತ ಮೊದಲ ಶುಂಠಿ ಬರತೈತಿ. ಒಳಗಿನ ಗುಂಡ ಛಲೋ ಆಗೇತಿ, ಆದ್ರ ನನ್ನ ಹಲ್ಲಿಗಿ ಅಂಟತೈತಿ. ಕಾಕವಿ ಇನ್ನೂ ಐತೇನ ನಿಮ್ಮಲ್ಲಿ?”

ಎರಡು ಚಮಚ ಎಂದೆ.

“ನಾ ಮೊದಲ ಹೇಳಿದ್ನಿ, ಎರಡ ಹೆಚ್ಚಾಗತೈತಿ ಅಂತ,” ಎಂದಳು ಅವ್ವ. ಹಾಗೆ ಅವಳು ಹೇಳಿಯೇ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವಳ ಮುಖ ನೋಡಿದ್ದರೆ ನೀವೂ ಸುಮ್ಮನಿರುತ್ತಿದ್ದಿರಿ. “ಬರ್ರಿ ಆಯಿ, ಚಹಾ ಮಾಡ್ತೀನಿ,” ಎಂದಳು.

“ಅಲ್ಲ ಹಾಕಬ್ಯಾಡ. ಸಕ್ಕರಿ ಕಡಿಮಿ,” ಎನ್ನುತ್ತ ಆಯಿ ಒಳಗೆ ಬಂದು ಕುಳಿತರು. ಚಹಾವನ್ನು ನಮ್ಮ ಸ್ಟೀಲಿನ ಲೋಟದಲ್ಲೇ ಕುಡಿದರು.

ಪತ್ರಾವಳಿಯ ವಿಷಯವನ್ನು ಅವ್ವ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೂರಾರು ವರ್ಷಗಳ ಗಾಯ ಒಂದು ಕುಕಿಯಿಂದ ಮಾಯುತ್ತದೆ ಎಂದು ನಾನು ಹೇಳುವುದಿಲ್ಲ. ಎಲ್ಲ ಬಾಗಿಲುಗಳಲ್ಲೂ ಹೀಗೇ ಆಗುತ್ತದೆ ಎಂದೂ ಹೇಳಲಾರೆ. ಯುವಕೂಟದಲ್ಲಿ ಈ ಮಾತು ಬಂದಾಗ ಒಬ್ಬ ಗೆಳೆಯ, “ಅವರು ತಿನ್ನದಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ನಾನು ಸಂತ ಪೌಲರ ಪತ್ರಗಳನ್ನು ಓದಿದೆ.

ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಪೌಲರು ವಿಗ್ರಹಗಳಿಗೆ ಅರ್ಪಿಸಿದ ಮಾಂಸದ ಬಗ್ಗೆ ಮಾತಾಡುತ್ತಾರೆ. ತಿನ್ನಲು ತಮಗೆ ಅಡ್ಡಿ ಇಲ್ಲ ಎಂದು ಅವರಿಗೆ ಗೊತ್ತು. ಆದರೂ ತಮ್ಮ ಊಟದಿಂದ ಸಹೋದರನ ಮನಸ್ಸಾಕ್ಷಿಗೆ ಪೆಟ್ಟು ಬೀಳುವುದಾದರೆ ಮಾಂಸವನ್ನೇ ಬಿಡಲು ಸಿದ್ಧ ಎನ್ನುತ್ತಾರೆ. ಅದೇ ಪೌಲರು ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಬೇರೆಯವರಂತೆ ಕಾಣುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದ ಕೂಡಲೇ ಹೆದರಿ ಪಂಕ್ತಿಯಿಂದ ಎದ್ದುಬಿಟ್ಟರು. ಪೌಲರು ಅವರನ್ನು ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು ಖಂಡಿಸಿದರು.

ಮಾಂಸ ಬಿಡಲು ಸಿದ್ಧವಿದ್ದವರೇ ಪಂಕ್ತಿ ಬಿಟ್ಟವರನ್ನು ಖಂಡಿಸಿದ್ದಾರೆ. ಎರಡರ ನಡುವೆ ವಿರೋಧ ಇಲ್ಲ. ಪದಾರ್ಥದ ವಿಷಯ ಬಂದಾಗ ನಾವು ಬಗ್ಗಬಹುದು, ಬಗ್ಗಬೇಕು. ತತ್ತಿ ಬಿಟ್ಟರೆ ನಮಗೆ ನಷ್ಟವೇನೂ ಇಲ್ಲ. ಆದರೆ ಮನುಷ್ಯರ ವಿಷಯ ಬಂದಾಗ, ಇವರ ಜೊತೆ ಉಣ್ಣುವುದಿಲ್ಲ ಎಂಬ ಮಾತು ಬಂದಾಗ, ಬಗ್ಗಬಾರದು. ಅದು ಪಕ್ಕದ ಮನೆಯಲ್ಲಿದ್ದರೂ ಅಷ್ಟೇ, ನಮ್ಮ ಚರ್ಚಿನ ಬೆಂಚುಗಳಲ್ಲಿದ್ದರೂ ಅಷ್ಟೇ. ನಮ್ಮ ನಡುವೆಯೂ ಮದುವೆಯ ಊಟದಲ್ಲಿ ಯಾವ ಕುಟುಂಬ ಯಾವ ಕೇರಿಯಿಂದ ಬಂದದ್ದು ಎಂದು ಪಿಸುಗುಡುವವರಿದ್ದಾರೆ. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಎರಡು ಪಂಕ್ತಿ ಮಾಡುವವರಿಗೆ ಪಕ್ಕದ ಮನೆಯವರನ್ನು ಪ್ರಶ್ನಿಸುವ ಹಕ್ಕು ಎಲ್ಲಿಂದ ಬರಬೇಕು?

ಹಾಗಾದರೆ ಆಯಿ ತಿನ್ನದಿದ್ದರೆ? ಗೆಳೆಯನಿಗೆ ನಾನು ಹೇಳಿದ್ದು ಇದು: ಮುಂದಿನ ವರ್ಷವೂ ಕೊಡುತ್ತಿದ್ದೆವು, ಆದರೆ ಆಗ ಕೇಳಿಯೂ ಕೇಳುತ್ತಿದ್ದೆವು. ನಮ್ಮ ಕಡೆಯ ನೆವಗಳನ್ನೆಲ್ಲ ತೆಗೆದ ಮೇಲೆ ಕೇಳುವ ಬಲ ಬರುತ್ತದೆ. ಲೂಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಪ್ರಭು ಯೇಸು ಶಿಷ್ಯರನ್ನು ಕಳಿಸುವಾಗ, ಮುಂದೆ ಬಡಿಸಿದ್ದನ್ನು ತಿನ್ನಿರಿ ಎಂಬ ಅರ್ಥದ ಮಾತು ಹೇಳುತ್ತಾರೆ. ಅದು ಅತಿಥಿಗೆ ಹೇಳಿದ್ದು. ಬಡಿಸುವವರ ಪಾಠ ಬೇರೆ: ಎದುರಿನವರು ತಿನ್ನಬಹುದಾದದ್ದನ್ನು ಬಡಿಸಬೇಕು.

ಈ ಸಲ ನೀವು ತಟ್ಟೆ ತುಂಬುವಾಗ ಕೆಲವು ಮಾತು ನೆನಪಿಡಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ್, ಎಲ್ಲಿ ಇದ್ದರೂ ನಿಮ್ಮ ಗಲ್ಲಿಯಲ್ಲಿ ಬೇರೆ ಬೇರೆ ನೇಮದವರು ಇದ್ದೇ ಇರುತ್ತಾರೆ. ಮಾಡುವ ಮೊದಲು ಹೋಗಿ ಕೇಳಿ, ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ. ಮುಸ್ಲಿಂ ಮನೆಗೆ ಕೊಡುವ ಕೇಕಿನಲ್ಲಿ ರಮ್ ಬೇಡ. ಕೆಲವು ವರ್ಷ ಮಾರ್ಗಶೀರ್ಷದ ಗುರುವಾರ ಕ್ರಿಸ್ಮಸ್ಸಿನ ಆಸುಪಾಸು ಬರುತ್ತದೆ, ಅಂದು ಲಕ್ಷ್ಮೀ ವ್ರತ ಹಿಡಿದವರಿಗೆ ಮರುದಿನ ಕೊಡಿ. ಜೈನರ ಮನೆಗೆ ಹೊತ್ತು ಮುಳುಗುವ ಮೊದಲು ಹೋಗಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ, ಕಾಕವಿ ಕೂಡ ಸಕ್ಕರೆಯೇ ಎಂದು ಹೇಳಿ. ಏನೇನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಡಬ್ಬಿಗೆ ಅಂಟಿಸಿ. ಮುಚ್ಚಿಡದೆ ಹೇಳಿದ ಪಟ್ಟಿಯ ಮೇಲೆ ನಂಬಿಕೆ ಹುಟ್ಟುತ್ತದೆ.

ಮೇಲೆ ಶುಂಠಿಪುಡಿಯ ಅಳತೆ ಬರೆದಿಲ್ಲ ಎಂದು ನೀವು ಗಮನಿಸಿರಬಹುದು. 2024ರಿಂದ ನಮ್ಮ ಮನೆಯಲ್ಲಿ ಅದು ಒಂದೂವರೆ ಸಣ್ಣ ಚಮಚ. ಕ್ಯಾರಮೆಲ್ಲನ್ನೂ ತುಸು ಮೆತ್ತಗೆ ಇಳಿಸುತ್ತೇವೆ, ಆಯಿಯ ಹಲ್ಲಿಗೆ ಅಂಟದ ಹಾಗೆ.

ನಿಮಗೂ ನಿಮ್ಮ ಕುಟುಂಬದವರಿಗೂ ನಿಮ್ಮ ನೆರೆಯವರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.